ಅಮೋನಿಯದೊಳಗೆ ಅಡಗಿದ ದೇವರು



ಕಳೆದ ವಾರ ಕೇಳುಗರೊಬ್ಬರು ಫೋನ್ ಮಾಡಿ, "ಅಮೋನಿಯ ಅಂದ್ರೆ ಏನಪ್ಪಾ ಅರ್ಥ ಅಂತ ಮಗಳು ಕೇಳಿದ್ಲು, ನನಗೆ ಹೇಳೋಕೆ ಬರಲಿಲ್ಲ" ಅಂದರು. ಅದಕ್ಕೇ ಈ ಟಿಪ್ಪಣಿ.

ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವುದನ್ನು ನೋಡಿದ ನೆನಪಿದೆಯೇ? ಕಾದ ಪಾತ್ರೆಗೆ ಬಿಳಿ ಪುಡಿ ಉದುರಿಸಿ ಅರಳೆಯಿಂದ ಉಜ್ಜಿದೊಡನೆ ದಟ್ಟ ಹೊಗೆ, ಮೂಗಿಗೆ ಘಾಟು! ಆ ಪುಡಿಯೇ ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್. ಅಮೋನಿಯದ ಹೆಸರು ಹುಟ್ಟಿದ್ದು ಇದರಿಂದಲೇ.

ಈಜಿಪ್ಟಿನ ಮರಳುಗಾಡಿನಲ್ಲಿ ಸೀವಾ ಎಂಬ ಓಯಸಿಸ್ ಇದೆ. ಅಲ್ಲಿ ಅಮುನ್ ದೇವರ ಗುಡಿಯಿತ್ತು. ಕ್ರಿ.ಪೂ. 331ರಲ್ಲಿ ಅಲೆಕ್ಸಾಂಡರ್ ಕೂಡ ಅಲ್ಲಿಗೆ ಹೋಗಿದ್ದ. ಆ ಸೀಮೆಯ ಉಪ್ಪನ್ನು ರೋಮನ್ನರು 'ಸಾಲ್ ಅಮೋನಿಯಾಕಸ್', ಅಂದರೆ ಅಮುನನ ಉಪ್ಪು ಎಂದರು. ಕಾಲಾನಂತರ ಈ ಹೆಸರು ನವಸಾಗರಕ್ಕೆ ಅಂಟಿಕೊಂಡಿತು. ಈಜಿಪ್ಟಿನಲ್ಲಿ ಒಂಟೆಯ ಸಗಣಿ ಸುಟ್ಟ ಮಸಿಯಿಂದ ಅದನ್ನು ತಯಾರಿಸುತ್ತಿದ್ದರು.

1774ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಈ ಉಪ್ಪಿನಿಂದ ಹೊರಟ ಅನಿಲವನ್ನು ಹಿಡಿದಿಟ್ಟು ಪರೀಕ್ಷಿಸಿದರು. ಅದಕ್ಕೆ ಅಮೋನಿಯ ಎಂದು ಹೆಸರಿಟ್ಟವರು ಸ್ವೀಡನ್ನಿನ ಟೊರ್ಬೆರ್ನ್ ಬರ್ಗ್‌ಮನ್, 1782ರಲ್ಲಿ. ಅಮುನ್ ಎಂದರೆ 'ಅಡಗಿರುವವನು'. ಕಣ್ಣಿಗೆ ಕಾಣದೆ ಮೂಗಿಗೆ ಮಾತ್ರ ಸಿಗುವ ಅನಿಲಕ್ಕೆ ಎಂಥ ಒಪ್ಪುವ ಹೆಸರು, ಅಲ್ಲವೇ?

ಇನ್ನೊಂದು ಸ್ವಾರಸ್ಯ ಕೇಳಿ. ಅಮುನನಿಗೆ ಟಗರಿನ ಕೊಂಬು. ಅದೇ ರೀತಿ ಸುರುಳಿ ಸುತ್ತಿದ ಪಳೆಯುಳಿಕೆಗಳಿಗೆ ಅಮೋನೈಟ್ ಎಂದು ಹೆಸರು. ದೇವರಮನೆಯಲ್ಲಿ ಪೂಜಿಸುವ, ಗಂಡಕಿ ನದಿಯ ಎಷ್ಟೋ ಸಾಲಿಗ್ರಾಮಗಳಲ್ಲಿ ಇರುವುದೂ ಇವೇ!

ಇನ್ನು ನಮ್ಮ 'ನವಸಾಗರ'. ಅದಕ್ಕೂ ಸಮುದ್ರಕ್ಕೂ ಸಂಬಂಧವಿಲ್ಲ. ಪರ್ಷಿಯನ್ನಿನ ನೌಶಾದರ್, ಹಿಂದಿಯ ನೌಸಾದರ್ ಬಳಗದ ಪದ ಅದು. ಬಾಯಿಂದ ಬಾಯಿಗೆ ಸಾಗುತ್ತಾ ಸಾಗರವಾಗಿದೆ. ಮುಂಬೈ, ಪುಣೆಯವರು ಅಂಗಡಿಯಲ್ಲಿ ನವಸಾಗರ್ ಎಂದು ಕೇಳಿದರೂ ಸಾಕು, ಮರಾಠಿಯಲ್ಲೂ ಅದೇ ಮಾತು.

ಸ್ಟೀಲ್ ಪಾತ್ರೆ ಬಂದ ಮೇಲೆ ಕಲಾಯಿಯವರು ಅಪರೂಪವಾದರು. ಅವರ ಹಿಂದೆಯೇ ಈ ಪದವೂ ಮನೆಯಿಂದ ಹೊರಟಿದೆ. ಅಮೋನಿಯ ಎಲ್ಲೂ ಹೋಗುವುದಿಲ್ಲ, ಶಾಲೆಯ ಪುಸ್ತಕದಲ್ಲಿದೆ. ನವಸಾಗರವನ್ನು ಉಳಿಸಬೇಕಾದವರು ನಾವು. ಮಕ್ಕಳು ಕೇಳಿದಾಗ ಎರಡನ್ನೂ ಹೇಳಿಕೊಡಿ. ಅಜ್ಜಿ ಇದ್ದರೆ, ಅವರಿಂದಲೇ ಹೇಳಿಸಿ.