ಹಲ್ಲಿನ ಎರಡು ಹುಟ್ಟುಗಳೂ ಕಡೂರು ಸೀಮೆಯ ನೀರೂ

ಅಮರಕೋಶವು ದ್ವಿಜಶಬ್ದಕ್ಕೆ ಹಲ್ಲು, ವಿಪ್ರ, ಪಕ್ಷಿ ಎಂಬ ಅರ್ಥಗಳನ್ನು ಹೇಳಿರುವುದು ವಾಚಕರಿಗೆ ತಿಳಿದ ವಿಷಯವೇ. ಹಾಲುಹಲ್ಲು ಬಿದ್ದು ಮತ್ತೊಂದು ಮೂಡುವುದರಿಂದ ಹಲ್ಲಿಗೆ ಈ ಹೆಸರು ಚೆನ್ನಾಗಿ ಒಪ್ಪುತ್ತದೆ. ಆದರೆ ಮೊದಲನೆಯ ಹುಟ್ಟು ಮುಗಿದ ಬಳಿಕವೇ ಎರಡನೆಯದು ಆರಂಭವಾಗುವುದೆಂದು ಭಾವಿಸಲಾಗದು. ಕಡೂರು, ತರೀಕೆರೆ ಮತ್ತು ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿದ್ದ ಅಜ್ಜಂಪುರ, ಈ ಸೀಮೆಯ ಕೆಲವೆಡೆ ಬಾಲಕರ ಮುಂಬಲ್ಲುಗಳ ಮೇಲೆ ಕಾಣುವ ಕಂದುಕಲೆಯನ್ನು ಅರಿಯಬೇಕಾದರೆ ಈ ಎರಡು ಹುಟ್ಟುಗಳ ಕಾಲವನ್ನು ಮೊದಲು ವಿಚಾರಿಸಬೇಕು.

ಗರ್ಭದ ಆರನೆಯ ವಾರದ ಸುಮಾರಿಗೆ ಶಿಶುವಿನ ದವಡೆಯ ಮೇಲ್ಪೊರೆಯು ದಪ್ಪನಾಗಿ ಪಟ್ಟಿಯಂತೆ ಒಳಕ್ಕಿಳಿಯುವುದು. ಅದರಿಂದ ಮೇಲೆ ಹತ್ತು, ಕೆಳಗೆ ಹತ್ತು ಮೊಗ್ಗುಗಳು ಹೊರಡುವುವು. ಮೊಗ್ಗು ಟೊಪ್ಪಿಗೆಯ ಆಕಾರವನ್ನೂ ಅನಂತರ ಗಂಟೆಯ ಆಕಾರವನ್ನೂ ತಾಳುವುದು. ಗಂಟೆಯ ಒಳಮೈಯ ಜೀವಕೋಶಗಳು ಹಲ್ಲಿನ ಹೊರಗವಚವನ್ನೂ, ಅವಕ್ಕೆ ಎದುರಾಗಿರುವ ತಿರುಳಿನ ಕೋಶಗಳು ಒಳಗಿನ ಒಡಲನ್ನೂ ಕಟ್ಟುವುವು. ನಾಲ್ಕನೆಯ ತಿಂಗಳಿನಲ್ಲಿ ಸುಣ್ಣದ ಅಂಶ ಸೇರಿ ಇವು ಗಟ್ಟಿಯಾಗತೊಡಗುವುವು. ಆದುದರಿಂದ ಕೂಸಿಗೆ ಆರು ತಿಂಗಳಾದಾಗ ಮನೆಯವರು ಕಂಡು ಹಿಗ್ಗುವ ಮೊದಲ ಹಲ್ಲಿನ ಕವಚವು ಬಹುಪಾಲು ತಾಯ ಗರ್ಭದಲ್ಲಿಯೇ ಸಿದ್ಧವಾಗಿದ್ದುದು.

ಎರಡನೆಯ ಹಲ್ಲುಗಳ ಗತಿ ಬೇರೆ. ಮೊದಲ ಶಾಶ್ವತ ದವಡೆಹಲ್ಲು ಜನನಕಾಲದ ಸುಮಾರಿಗೂ, ನಡುವಣ ಮುಂಬಲ್ಲುಗಳು ಮೂರು ನಾಲ್ಕು ತಿಂಗಳಿಗೂ ಗಟ್ಟಿಯಾಗತೊಡಗುವುವು. ಈ ಮುಂಬಲ್ಲುಗಳ ಕವಚ ಮುಗಿಯಲು ನಾಲ್ಕೈದು ವರ್ಷ ಬೇಕು. ಅವು ಬಾಯಲ್ಲಿ ತಲೆದೋರುವುದು ಆರೇಳರ ವಯಸ್ಸಿನಲ್ಲಿ. ಕವಚವನ್ನು ಕಟ್ಟಿದ ಕೋಶಗಳು ಹಲ್ಲು ಮೂಡುವಾಗಲೇ ನಶಿಸುವುವು. ಮುರಿದ ಎಲುಬು ಕೂಡಬಲ್ಲುದು, ಕೆಟ್ಟ ಕವಚ ಮತ್ತೆ ಬೆಳೆಯದು.

ಕಡೂರಿನ ಬಯಲು ಬಾಬಾಬುಡನ್‌ಗಿರಿಯ ಮಳೆನೆರಳಿನಲ್ಲಿದೆ. ಮಳೆ ಕಡಮೆಯಾದೆಡೆ ಜನರು ಆಳವಾದ ಕೊಳವೆಬಾವಿಗಳನ್ನು ನಂಬಬೇಕಾಗಿದೆ. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಅಲ್ಲಿಯ ಖನಿಜಗಳಿಂದ ಫ್ಲೋರೈಡನ್ನು ಕರಗಿಸಿಕೊಳ್ಳುವುದು. ಲೀಟರಿಗೆ 1 ಮಿಲಿಗ್ರಾಂ ಇರಬಹುದೆಂದೂ, ಬೇರೆ ನೀರು ದೊರೆಯದಿದ್ದರೆ 1.5ರವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕವು ವಿಧಿಸಿದೆ. ಇದನ್ನು ಮೀರಿದ ನೀರನ್ನು ಮಗು ಕುಡಿಯುತ್ತ ಬಂದರೆ ಬಲಿಯುತ್ತಿರುವ ಕವಚದಿಂದ ತೊಲಗಬೇಕಾದ ಸಸಾರಜನಕ ದ್ರವ್ಯವು ಪೂರ್ತಿ ತೊಲಗದೆ, ಕವಚದಲ್ಲಿ ಸೂಕ್ಷ್ಮರಂಧ್ರಗಳು ಉಳಿಯುವುವು. ಹಲ್ಲು ಮೊದಲು ಸುಣ್ಣ ಬಳಿದಂತೆ ಬೆಳ್ಳಗೆ ಕಾಣುವುದು. ಕಂದುಬಣ್ಣವು ಬಾಯಿಗೆ ಬಂದ ಮೇಲೆ ಹಿಡಿಯುವುದು. ಹಾಲುಹಲ್ಲುಗಳಿಗೆ ಈ ದೋಷ ವಿರಳ; ತಾಯಿಯ ಹಾಲಿನಲ್ಲಿ ಫ್ಲೋರೈಡ್ ಅತ್ಯಲ್ಪ.

ಅಜ್ಜಂಪುರವು ಅಮೃತಮಹಲ್ ತಳಿಯ ಕೇಂದ್ರ. ಎರಡು ಹಲ್ಲು, ನಾಲ್ಕು ಹಲ್ಲು ಎಂದು ಹೋರಿಯ ಪ್ರಾಯವನ್ನು ಎಣಿಸಬಲ್ಲ ರೈತರಿಗೆ ಹಲ್ಲಿನಲ್ಲಿ ಕಾಲವನ್ನು ಓದುವುದು ಹೊಸದಲ್ಲ. ಹಾಗಿದ್ದೂ ಮಗನ ಹಲ್ಲಿನ ಕಲೆಯನ್ನು ಕಂಡು, ಉಜ್ಜದ ಸೋಮಾರಿಯೆಂದು ಗದರುವುದುಂಟು. ಇದು ಅನ್ಯಾಯವೆಂದೇ ನನ್ನ ಮತ. ಹತ್ತು ವರ್ಷದ ಬಾಲಕನ ಮುಂಬಲ್ಲಿನ ಕಲೆಗೆ ಕಾರಣವಾದ ನೀರನ್ನು ಅವನು ಬಹುಮಟ್ಟಿಗೆ ಎರಡು ಮೂರರ ಪ್ರಾಯದಲ್ಲಿ ಕುಡಿದಿರುವನು. ಇದ್ದಿಲಿನಿಂದ ತಿಕ್ಕಿದರೆ ಕಲೆ ಹೋಗದೆ ಕವಚ ಸವೆಯುವುದು. ನೀರನ್ನು ಕಾಯಿಸಿದರೂ ಫಲವಿಲ್ಲ; ಆವಿ ಹೋದಷ್ಟೂ ಫ್ಲೋರೈಡಿನ ಸಾಂದ್ರತೆ ಹೆಚ್ಚುವುದು. ಮಳೆಯ ನೀರನ್ನು ಶುಚಿಯಾಗಿ ಹಿಡಿದಿಟ್ಟಿರುವ ಮನೆಯಲ್ಲಿ, ಅದು ಎಲ್ಲರಿಗೂ ಸಾಲದಿದ್ದರೆ, ಐದು ವರ್ಷದೊಳಗಿನ ಮಕ್ಕಳ ಪಾಲನ್ನು ಮೊದಲು ತೆಗೆದಿಡಬೇಕು.