ಗರಡಿ ಬಿಟ್ಟ ಪೈಲವಾನನ ಊಟ

ಗರಡಿ ಬಿಟ್ಟ ಪೈಲವಾನನನ್ನು ಗುರುತಿಸುವುದು ಕಷ್ಟವಲ್ಲ. ಅಗಲವಾದ ಹೆಗಲು, ಮಣ್ಣಿಗೆ ಉಜ್ಜಿ ಮುದುಡಿದ ಕಿವಿ ಹಾಗೆಯೇ ಉಳಿದಿರುತ್ತವೆ; ಎದೆಯಲ್ಲಿದ್ದ ತುಂಬು ಮಾತ್ರ ಹೊಟ್ಟೆಗೆ ಇಳಿದಿರುತ್ತದೆ. ಬೆಳಗಿನ ಜಾವ ಎದ್ದು, ಬೆವರು ನೆಲಕ್ಕೆ ಹನಿಯುವ ತನಕ ದಂಡ ಬೈಠಕ ಹೊಡೆಯುತ್ತಿದ್ದ ದಿನಗಳಲ್ಲಿ ಸೇರುಗಟ್ಟಲೆ ಹಾಲು, ಹಿಡಿ ಬಾದಾಮಿ, ತುಪ್ಪ ಸವರಿದ ರೊಟ್ಟಿ ಅವನ ಮೈಯಲ್ಲಿ ಕಸುವಾಗಿ ಸೇರುತ್ತಿದ್ದವು. ಸಾಮು ನಿಂತಿತು, ಊಟ ನಿಲ್ಲಲಿಲ್ಲ. ಕೈ ಹೇಳಿದ ಲೆಕ್ಕವನ್ನು ಬಾಯಿ ಕೇಳಲಿಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಿ ಇಂದು ಇದು ಪೈಲವಾನನೊಬ್ಬನ ಕಥೆಯಾಗಿ ಉಳಿದಿಲ್ಲ. ಊರಿಗೆ ಊರೇ ಗರಡಿ ಬಿಟ್ಟಂತಾಗಿದೆ.

ಉತ್ತರದಲ್ಲಿ ಭೀಮೆ, ದಕ್ಷಿಣದಲ್ಲಿ ಕೃಷ್ಣೆ, ನಡುವೆ ಡೊಂಕುಡೊಂಕಾಗಿ ಹರಿಯುವ ಡೋಣಿ. ಡೋಣಿ ಹರಿದ ವರ್ಷ ಓಣಿಯ ತುಂಬ ಜೋಳ ಎಂಬರ್ಥದ ಮಾತು ಇಲ್ಲಿಯ ಜನರ ಬಾಯಲ್ಲಿದೆ. ಕರಿಯ ಎರೆಮಣ್ಣು ಮಳೆಯ ನೀರನ್ನು ಒಡಲಲ್ಲಿ ಹಿಡಿದಿಟ್ಟುಕೊಂಡು, ಹಿಂಗಾರಿಯಲ್ಲಿ ಬಿತ್ತಿದ ಬಿಳಿಜೋಳವನ್ನು ಚಳಿಗಾಲದ ಇಬ್ಬನಿಯಲ್ಲಿಯೇ ಸಾಕುತ್ತದೆ. ಮಾಲದಂಡಿ ಜೋಳದ ರೊಟ್ಟಿಯ ರುಚಿಯನ್ನು ಬಲ್ಲವರಿಗೆ ಬೇರೆ ಜೋಳ ಒಗ್ಗುವುದು ಕಷ್ಟ. ‘ಗಟ್ಟಿ ಮಂದಿ’ ಎಂಬ ಹೆಸರು ಈ ನಾಡಿಗೆ ಬಂದುದು ಈ ರೊಟ್ಟಿಯಿಂದ ಎಂದು ಊರ ಹಿರಿಯರು ಇಂದಿಗೂ ಹೇಳುವುದುಂಟು. ಅದರಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧ ರೊಟ್ಟಿಯಲ್ಲಿರಲಿಲ್ಲ, ದುಡಿಮೆಯಲ್ಲಿತ್ತು.

ಆ ದುಡಿಮೆ ಎಷ್ಟೆಂಬುದನ್ನು ಒಮ್ಮೆ ಎಣಿಸಿ ನೋಡಬಹುದು. ಒಂದು ಎಕರೆ ಎಂದರೆ ನಾಲ್ಕು ಸಾವಿರ ಚದರ ಮೀಟರಿಗಿಂತ ತುಸು ಹೆಚ್ಚು. ನೇಗಿಲಿನ ಒಂದೊಂದು ಸಾಲು ಗೇಣಗಲ, ಅಂದರೆ ಸುಮಾರು 20 ಸೆಂಟಿಮೀಟರ್ ಎಂದು ಹಿಡಿದರೆ, ಆ ಒಂದು ಎಕರೆಯನ್ನು ಉತ್ತು ಮುಗಿಸಲು ಎತ್ತುಗಳ ಹಿಂದೆ 20 ಕಿಲೊಮೀಟರ್ ನಡೆಯಬೇಕು. ಅದೂ ಹೆಂಟೆಯ ಮೇಲೆ, ಮೇಳಿಯನ್ನು ಒತ್ತಿ ಹಿಡಿದುಕೊಂಡು! ಆಮೇಲೆ ಕುಂಟೆ, ಕೂರಿಗೆ, ಎಡೆ ಹೊಡೆಯುವುದು. ಸುಗ್ಗಿಯಲ್ಲಿ ಇಲ್ಲಿಯವರು ಜೋಳವನ್ನು ಬೇರುಸಹಿತ ಕೀಳುತ್ತಾರೆ. ಬಿರಿದ ಎರೆಯಿಂದ ಒಂದೊಂದು ದಂಟನ್ನು ಕಿತ್ತವರ ಸೊಂಟಕ್ಕೇ ಅದರ ಲೆಕ್ಕ ಗೊತ್ತು. ಹೆಂಗಸರ ದುಡಿಮೆಯಾದರೋ ಕೋಳಿ ಕೂಗುವ ಮೊದಲೇ ಬೀಸುಕಲ್ಲಿನ ಮುಂದೆ ಆರಂಭವಾಗಿ, ನೀರು ಹೊತ್ತು, ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಕಳೆ ತೆಗೆದು, ಮರಳಿ ಒಲೆಯ ಮುಂದೆ ಮುಗಿಯುತ್ತಿತ್ತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯೂ 2020ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, 65 ಕಿಲೊ ತೂಕದ ಗಂಡಸು ಭಾರಿ ದುಡಿಮೆ ಮಾಡುವವನಾದರೆ ದಿನಕ್ಕೆ 3470 ಕ್ಯಾಲೊರಿ ಬೇಕು; ಕುಳಿತು ಕೆಲಸ ಮಾಡುವವನಿಗೆ 2110 ಸಾಕು. ನಡುವಿನ ಅಂತರ 1360. ಒಂದು ಜೋಳದ ರೊಟ್ಟಿಗೆ 60 ಗ್ರಾಂ ಹಿಟ್ಟು ಎಂದು ಹಿಡಿದರೆ ಅದರಲ್ಲಿ ಸುಮಾರು 200 ಕ್ಯಾಲೊರಿ ಇರುತ್ತದೆ. ಅಂದಮೇಲೆ ಮೇಳಿ ಹಿಡಿದ ತಂದೆಗೂ ಅಂಗಡಿಯ ಗಲ್ಲೆಯ ಮೇಲೆ ಕುಳಿತ ಮಗನಿಗೂ ನಡುವೆ ಇರುವ ವ್ಯತ್ಯಾಸ ಆರೇಳು ರೊಟ್ಟಿ! ತಾಯಿ ಮಾತ್ರ ಇಬ್ಬರ ತಟ್ಟೆಗೂ ಒಂದೇ ಸಮನೆ ಬಡಿಸುತ್ತಾಳೆ. ‘ಇನ್ನೊಂದು ತಿನ್ನೋ ಯಪ್ಪಾ’ ಎಂಬ ಅವಳ ಒತ್ತಾಯದಲ್ಲಿ ಪ್ರೀತಿಯಿದೆಯೇ ಹೊರತು ತಪ್ಪಿಲ್ಲ. ಅವಳು ಕಲಿತ ಅಳತೆ ಹೊಲದ ಕಾಲದ್ದು.

ಹೊಲದ ಕಾಲ ಬದಲಾದುದು ದುಃಖದ ಸಂಗತಿಯೆಂದು ಯಾರೂ ಹೇಳಲಾರರು. 1876-78ರ ಭೀಕರ ಬರವನ್ನು ಕಂಡ ನಾಡು ಇದು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿಯ ಅಣೆಕಟ್ಟು ಪೂರ್ಣಗೊಂಡುದು 2005ರಲ್ಲಿ. ನಾರಾಯಣಪುರದ ಜಲಾಶಯದಿಂದಲೂ ಏತ ನೀರಾವರಿಗಳಿಂದಲೂ ಕಾಲುವೆಯ ನೀರು ಬಂದ ಕಡೆ ಕಬ್ಬು, ದ್ರಾಕ್ಷಿ, ದಾಳಿಂಬೆ ಬಂದವು, ತೊಗರಿ ಹಬ್ಬಿತು. ಟ್ರ್ಯಾಕ್ಟರು ಬಂದು ಎತ್ತಿನ ಹೆಗಲಿನ ಜೊತೆಗೆ ಮನುಷ್ಯನ ಹೆಗಲನ್ನೂ ಬಿಡಿಸಿತು. ಗಿರಣಿ ಬಂದು ಬೀಸುಕಲ್ಲು ಅಂಗಳದ ಮೂಲೆಗೆ ಸರಿಯಿತು. ಹೊಲಕ್ಕೆ ಹೋಗುವ ಎರಡು ಮೈಲಿಯ ಹಾದಿಯನ್ನು ಮೋಟಾರು ಸೈಕಲ್ಲು ನುಂಗಿತು. ಕಷ್ಟ ತಪ್ಪಿದುದು ಒಳ್ಳೆಯದೇ ಆಯಿತು. ಕಷ್ಟದೊಡನೆ ಬೆವರೂ ತಪ್ಪಿತೆಂಬುದನ್ನು ದೇಹ ಮರೆಯಲಿಲ್ಲ.

ಬೆವರು ತಪ್ಪಿದರೆ ಆಗುವುದೇನು? ಇದಕ್ಕೆ ಲಂಡನ್ನಿನ ಬಸ್ಸುಗಳು ಉತ್ತರ ಹೇಳಿವೆ. ಜೆರೆಮಿ ಮಾರಿಸ್ ಎಂಬ ವೈದ್ಯನೂ ಅವನ ಸಂಗಡಿಗರೂ 1953ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ವೈದ್ಯಲೋಕದಲ್ಲಿ ಹೆಸರುವಾಸಿ. ಆ ಊರಿನ ಎರಡಂತಸ್ತಿನ ಬಸ್ಸಿನಲ್ಲಿ ಚಾಲಕ ದಿನವಿಡೀ ಕುಳಿತಿರುತ್ತಿದ್ದ. ನಿರ್ವಾಹಕ ದಿನವಿಡೀ ಮೆಟ್ಟಿಲು ಹತ್ತಿ ಇಳಿದು ಟಿಕೀಟು ಕೊಡುತ್ತಿದ್ದ. ಒಂದೇ ಬಸ್ಸು, ಒಂದೇ ಊರು; ಆದರೆ ಹೃದಯದ ಬೇನೆ ನಿರ್ವಾಹಕರಲ್ಲಿ ಕಡಿಮೆಯೆಂದು ಕಂಡುಬಂದಿತು. ಮಾರಿಸ್ ಪ್ರಾಮಾಣಿಕನಾಗಿದ್ದ. ಮುಂದೆ ಅವರಿಬ್ಬರ ಸಮವಸ್ತ್ರಗಳ ಅಳತೆಯನ್ನು ತೆಗೆದು ನೋಡಿ, ಚಾಲಕರ ಸೊಂಟ ಮೊದಲೇ ದಪ್ಪವೆಂಬುದನ್ನೂ ಅವನೇ ಬರೆದ. ಆದರೂ ಆ ಬಳಿಕ ನಾನಾ ದೇಶಗಳಲ್ಲಿ ನಡೆದ ಅಧ್ಯಯನಗಳು ಮೈ ಬಳಸಿ ದುಡಿಯುವವರ ಪರವಾಗಿಯೇ ಮಾತಾಡಿವೆ. ಟ್ರ್ಯಾಕ್ಟರಿನ ಆಸನದ ಮೇಲೆ ಕುಳಿತವನು ಲಂಡನ್ನಿನ ಆ ಚಾಲಕನಿಗೆ ಹತ್ತಿರದವನೇ ಹೊರತು, ಎತ್ತಿನ ಹಿಂದೆ ನಡೆದ ತನ್ನ ಅಜ್ಜನಿಗಲ್ಲ.

ಸಕ್ಕರೆ ಬೇನೆಯೆಂದರೆ ಪೇಟೆಯ ಸಾಹುಕಾರರ ರೋಗವೆಂದು ಹಳ್ಳಿಗಳಲ್ಲಿ ಬಹುಕಾಲ ನಂಬಿದ್ದರು. 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವು ಭಾರತದ ಗ್ರಾಮೀಣ ವಯಸ್ಕರಲ್ಲಿಯೇ ನೂರಕ್ಕೆ ಸುಮಾರು 9 ಮಂದಿಗೆ ಅದು ಇದೆಯೆಂದು ತೋರಿಸಿತು. ಮೊದಮೊದಲು ಅದು ನೋಯುವುದಿಲ್ಲ. ಹೊಲದಲ್ಲಿ ಕಾಲಿಗೆ ಚುಚ್ಚಿದ ಮುಳ್ಳಿನ ಗಾಯ ತಿಂಗಳಾದರೂ ಮಾಯದೆ ಇದ್ದಾಗ ಆಸ್ಪತ್ರೆಗೆ ಬಂದವನಿಗೆ, ರೋಗ ವರ್ಷಗಳ ಹಿಂದೆಯೇ ಮನೆ ಹೊಕ್ಕಿತ್ತೆಂದು ಆಗ ಗೊತ್ತಾಗುತ್ತದೆ; ಕೆಲವೊಮ್ಮೆ ಬೆರಳನ್ನೋ ಪಾದವನ್ನೋ ಕೊಟ್ಟು ಗೊತ್ತಾಗುತ್ತದೆ. ಮೂವತ್ತು ದಾಟಿದವರೆಲ್ಲರ ರಕ್ತದೊತ್ತಡ, ಸಕ್ಕರೆಗಳನ್ನು ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷಿಸುವ ಏರ್ಪಾಡು ಇರುವುದು ಇದಕ್ಕಾಗಿಯೇ.

ರೊಟ್ಟಿಯ ಪಕ್ಕದಲ್ಲಿ ಏನಿತ್ತು?

ಹಾಗಾದರೆ ಅಜ್ಜನ ಊಟಕ್ಕೆ ಮರಳಿದರೆ ಸಾಕೇ? ಎರಡು ಎಚ್ಚರಿಕೆಗಳು ಬೇಕು. ಜೋಳ ಎಷ್ಟು ತಿಂದರೂ ಮೈಗೆ ಹತ್ತದು ಎಂಬ ನಂಬಿಕೆ ಈಚೆಗೆ ಹರಡಿದೆ. 2023ನೆಯ ವರ್ಷವನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲಂತೂ ಜೋಳಕ್ಕೆ ಪಟ್ಟಣಗಳಲ್ಲಿ ಔಷಧದ ಗೌರವ ಬಂದಿದೆ. ನೂರು ಗ್ರಾಂ ಜೋಳದಲ್ಲಿ 334 ಕ್ಯಾಲೊರಿ, ಅಷ್ಟೇ ಅಕ್ಕಿಯಲ್ಲಿ 356, ಅಂತರ ದೊಡ್ಡದಲ್ಲ. ಜೋಳದ ಹೆಚ್ಚುಗಾರಿಕೆ ಇರುವುದು ನಾರಿನಲ್ಲಿ. ಜೋಳದಲ್ಲಿ 10 ಗ್ರಾಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಮಿಗೂ ಕಡಿಮೆ. ಆ ನಾರಿನಿಂದಾಗಿ ಹೊಟ್ಟೆ ಬೇಗ ತುಂಬಿದಂತಾಗುತ್ತದೆ, ಸಕ್ಕರೆ ರಕ್ತಕ್ಕೆ ಮೆಲ್ಲಗೆ ಇಳಿಯುತ್ತದೆ. ಎರಡೇ ರೊಟ್ಟಿಗೆ ಏಳುವವನಿಗೆ ಈ ಗುಣ ದಕ್ಕುತ್ತದೆ. ಎಂಟು ತಿಂದವನಿಗೆ ಅಲ್ಲ.

ಎರಡನೆಯ ಎಚ್ಚರಿಕೆ ಇನ್ನೂ ಹಳೆಯದು. ಜೋಳವನ್ನೇ ನಂಬಿ ಬದುಕಿದ ದಖ್ಖನಿನ ಬಡವರಲ್ಲಿ ಪೆಲಾಗ್ರ ಎಂಬ ಬೇನೆ ಕಾಣಿಸಿಕೊಳ್ಳುತ್ತಿತ್ತು. ಬಿಸಿಲು ತಾಕುವ ಕತ್ತು, ಮುಂಗೈಗಳ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಕೊನೆಗೆ ಬುದ್ಧಿಭ್ರಮೆ. ಹೈದರಾಬಾದಿನ ಪ್ರಯೋಗಾಲಯದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಅವರು 1960ರಲ್ಲಿ ಇದರ ಕಾರಣವನ್ನು ಶೋಧಿಸಿ, ಜೋಳದಲ್ಲಿ ಲ್ಯೂಸಿನ್ ಎಂಬ ಅಂಶ ಹೆಚ್ಚಿರುವುದರಿಂದ ದೇಹ ನಯಾಸಿನ್ ಜೀವಸತ್ವವನ್ನು ಸರಿಯಾಗಿ ಪಡೆಯಲಾರದೆಂದು ವಾದಿಸಿದರು. ಆ ವಾದದ ಮೇಲೆ ಮುಂದೆ ಚರ್ಚೆಗಳು ನಡೆದವು. ಚರ್ಚೆಯಿಲ್ಲದ ಸಂಗತಿ ಒಂದೇ: ಒಣ ರೊಟ್ಟಿ, ಮೆಣಸಿನಕಾಯಿ, ಉಪ್ಪು, ಇಷ್ಟರಲ್ಲಿಯೇ ಊಟ ಮುಗಿಸಿದವರಿಗೆ ಆ ಬೇನೆ ಬರುತ್ತಿತ್ತು. ಹಳೆಯ ಕಾಲವನ್ನು ಹೊಗಳುವವರು ಆ ತಟ್ಟೆಯನ್ನೂ ನೆನೆಯಬೇಕು.

ಉಳ್ಳವರ ತಟ್ಟೆಯಲ್ಲಿ ರೊಟ್ಟಿ ಒಂಟಿಯಾಗಿರಲಿಲ್ಲ. ಮೊಳಕೆ ಬಂದ ಮಡಕೆಕಾಳಿನ ಪಲ್ಯ, ತೊಗರಿಬೇಳೆ ಹಾಕಿ ಬೇಯಿಸಿದ ಪುಂಡಿಪಲ್ಯ, ಝುಣಕ, ಎಣ್ಣೆಗಾಯಿ, ಶೇಂಗಾ, ಅಗಸಿ, ಗುರೆಳ್ಳುಗಳ ಹಿಂಡಿ, ಹಸಿಯಾಗಿಯೇ ಕಡಿಯುವ ಮೆಂತ್ಯದ ತಪ್ಪಲು, ಹಕ್ಕರಕಿ, ಮೂಲಂಗಿ, ಉಳ್ಳಾಗಡ್ಡಿ, ಮೇಲೆ ಕೆನೆಮೊಸರು. ಜೋಳಕ್ಕೆ ಯಾವುದು ಕೊರತೆಯೋ ಅದನ್ನು ಕಾಳು ತುಂಬುತ್ತಿತ್ತು. ಕಾಳಿಗೆ ಕೊರತೆಯಾದುದನ್ನು ತಪ್ಪಲು ತುಂಬುತ್ತಿತ್ತು. ಹಕ್ಕರಕಿಗೆ ಯಾರೂ ಬೀಜ ಬಿತ್ತಿರಲಿಲ್ಲ. ಅದು ಹೊಲದ ಬದುವಿನಲ್ಲಿ ತಾನಾಗಿ ಬರುತ್ತಿತ್ತು. ಕಳೆನಾಶಕ ಸಿಂಪಡಿಸಿದ ಹೊಲದಲ್ಲಿ ಅದೂ ಬಾರದು.

ಇಂದು ತಟ್ಟೆ ಕಿರಿದಾಗಿಲ್ಲ, ಬಣ್ಣ ಕಳೆದುಕೊಂಡಿದೆ. 2013ರಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆಯ ಅಕ್ಕಿ ಎಷ್ಟೋ ಮನೆಗಳಲ್ಲಿ ಹಸಿವನ್ನು ನೀಗಿಸಿತು. ಅದು ಸಣ್ಣ ಉಪಕಾರವಲ್ಲ. ಆದರೆ ರೊಟ್ಟಿಯ ಜಾಗಕ್ಕೆ ಅನ್ನ ಬಂದಾಗ ರೊಟ್ಟಿಯ ಸಂಗಾತಿಗಳು ಜೊತೆಗೆ ಬರಲಿಲ್ಲ. ಅನ್ನಕ್ಕೆ ತಿಳಿಸಾರು ಸಾಕಾಯಿತು, ತಪ್ಪಲು ಬೇಡವಾಯಿತು. ಸಂಜೆಗೆ ಬಸ್ ನಿಲ್ದಾಣದ ಎದುರು ಮಿರ್ಚಿ ಭಜಿಯ ಬಾಣಲೆ, ಬೆಳಗಿನಿಂದ ರಾತ್ರಿಯ ತನಕ ಚಹಾ. ಒಂದು ಬಟ್ಟಲಿಗೆ ಎರಡು ಚಮಚ ಸಕ್ಕರೆಯಾದರೆ ಐದು ಬಟ್ಟಲಿಗೆ ಸುಮಾರು 200 ಕ್ಯಾಲೊರಿ. ಯಾರ ಎಣಿಕೆಗೂ ಸಿಗದ ಒಂದು ರೊಟ್ಟಿ ಹೀಗೆ ದಿನವೂ ಹೊಟ್ಟೆಗಿಳಿಯುತ್ತದೆ.

ಹೆಂಗಸರ ಸಂಗತಿ ಬೇರೆ. ಎಲ್ಲರೂ ಉಂಡ ಮೇಲೆ ಉಣ್ಣುವ ಪದ್ಧತಿಯಲ್ಲಿ ರೊಟ್ಟಿ ಉಳಿಯುತ್ತದೆ, ಪಲ್ಯ ಉಳಿಯುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಒಂದೇ ಮೈಯಲ್ಲಿ ಬೊಜ್ಜೂ ಇರಬಹುದು, ರಕ್ತದ ಕೊರತೆಯೂ ಇರಬಹುದು. ಇದು ನಮ್ಮ ಕಾಲದ ವಿಚಿತ್ರ. ಇಲ್ಲಿ ನೆರವಿಗೆ ಬರುವುದು ಇಂಡಿಯ ನಿಂಬೆ! ಭೌಗೋಳಿಕ ಗುರುತಿನ ಮನ್ನಣೆ ಪಡೆದು ದೂರದ ಪೇಟೆಗಳಿಗೆ ಹೋಗುವ ಈ ಹಣ್ಣಿನ ರಸದಲ್ಲಿರುವ ಸಿ ಜೀವಸತ್ವ, ಕಾಳು ತಪ್ಪಲುಗಳಲ್ಲಿರುವ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ಸಹಾಯ ಮಾಡುತ್ತದೆ. ಪಲ್ಯದ ಮೇಲೆ ಅರ್ಧ ನಿಂಬೆ ಹಿಂಡಿಕೊಳ್ಳಬೇಕು, ಊಟವಾದ ಕೂಡಲೇ ಚಹಾ ಕುಡಿಯುವುದನ್ನು ಒಂದು ತಾಸು ಮುಂದೂಡಬೇಕು. ಚಹಾ ಆ ಕಬ್ಬಿಣವನ್ನು ತಡೆಯುತ್ತದೆ. ಹಾಗೆಂದು ನಿಂಬೆ ಒಂದರಿಂದಲೇ ರಕ್ತಹೀನತೆ ಹೋಗದು. ವೈದ್ಯರು ಕೊಟ್ಟ ಕಬ್ಬಿಣದ ಗುಳಿಗೆಗೆ ಅದು ಬದಲಿಯಲ್ಲ.

ಮತ್ತೆ ಗರಡಿಗೆ

ಗರಡಿಯ ಮಣ್ಣಿಗೂ ಹಿಂದೆ ಎಣ್ಣೆ, ಅರಿಶಿನ, ಮಜ್ಜಿಗೆಗಳ ಜೊತೆಗೆ ನಿಂಬೆಯ ರಸವನ್ನು ಬೆರೆಸಿ ಹದ ಮಾಡುತ್ತಿದ್ದರು. ಸಂಕ್ರಾಂತಿಯ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಕುಸ್ತಿಯೂ ಭಾರ ಎತ್ತುವ ಪಂದ್ಯವೂ ಜನರನ್ನು ಸೇರಿಸುತ್ತವೆ. ಗುಂಡುಕಲ್ಲನ್ನು ಹೆಗಲಿಗೇರಿಸಿದ ತರುಣನಿಗೆ ಶಿಳ್ಳೆ ಹೊಡೆಯುವವರ ಪೈಕಿ ತಮ್ಮ ಮನೆಯ ನೀರಿನ ಕೊಡವನ್ನು ಎತ್ತಿದವರು ಎಷ್ಟು ಮಂದಿಯೋ! ಎಲ್ಲರೂ ಪೈಲವಾನರಾಗಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಕೇಳಿದ್ದು ವಾರಕ್ಕೆ 150ರಿಂದ 300 ನಿಮಿಷಗಳ ಬಿರುಸಾದ ನಡಿಗೆ ಅಥವಾ ಅದಕ್ಕೆ ಸಮನಾದ ದುಡಿಮೆ. ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಸಾಮು. ದಿನಕ್ಕೆ ಅರ್ಧ ತಾಸು ನಡೆದು, ಹತ್ತಿಪ್ಪತ್ತು ಬೈಠಕ ಹೊಡೆದರೆ ಆ ಲೆಕ್ಕ ಮುಟ್ಟುತ್ತದೆ. ಊಟವಾದ ಮೇಲಿನ ಹತ್ತು ನಿಮಿಷದ ನಡಿಗೆ ಸಕ್ಕರೆ ಬೇನೆಯವರಿಗೆ ವಿಶೇಷವಾಗಿ ಹಿತ. ದುಡಿಯುವ ಸ್ನಾಯು ರಕ್ತದಲ್ಲಿಯ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ. ಈ ಸೀಮೆಯ ಬೇಸಿಗೆಯಲ್ಲಿ ಮಾತ್ರ ಬಿಸಿಲೇರುವ ಮೊದಲೇ ಸಾಮು ಮುಗಿಯಬೇಕು. ಎದೆನೋವು, ಏದುಸಿರು ಇರುವವರೂ ಸಕ್ಕರೆಗೆ ಮದ್ದು ತೆಗೆದುಕೊಳ್ಳುವವರೂ ವೈದ್ಯರನ್ನು ಕೇಳಿಯೇ ಹೊರಡುವುದು ಲೇಸು.

ಹೊಲವುಳ್ಳವರಿಗೆ ನಡೆಯುವ ಜಾಗವನ್ನು ಹುಡುಕಬೇಕಾಗಿಲ್ಲ. ಎಳ್ಳಮಾವಾಸ್ಯೆಯ ದಿನ ಸಜ್ಜೆರೊಟ್ಟಿ, ಕಡುಬು, ಕಾಳುಪಲ್ಯ, ಶೇಂಗಾ ಹೋಳಿಗೆಗಳ ಬುತ್ತಿ ಹೊತ್ತು ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಚರಗ ಚೆಲ್ಲುವವನು ಹೊಲದ ಸುತ್ತ ಒಮ್ಮೆ ಹೆಜ್ಜೆ ಹಾಕಲೇಬೇಕು. ಐದು ಎಕರೆಯ ಚೌಕ ಹೊಲವಾದರೆ ಆ ಒಂದು ಸುತ್ತು ಅರ್ಧ ಕಿಲೊಮೀಟರಿಗಿಂತ ತುಸು ಹೆಚ್ಚಾಗುತ್ತದೆ. ಬಿರುಸಾಗಿ ನಡೆದರೆ ನಾಲ್ಕು ಸುತ್ತಿಗೆ ಅರ್ಧ ತಾಸು. ಮೊದಲನೆಯ ಸುತ್ತು ಚರಗದವನದು. ಹೋಳಿಗೆ ಉಂಡವರಿಗೆ ಉಳಿದ ಮೂರು.