ಹೃದಯಸ್ತಂಭನ: ಮೊದಲ ನಿಮಿಷಗಳ ಕರ್ತವ್ಯ

ಹೃದಯಾಘಾತವೂ ಹೃದಯಸ್ತಂಭನವೂ ಒಂದಲ್ಲ. ಆಘಾತದಲ್ಲಿ ಹೃದಯದ ರಕ್ತನಾಳವು ಕಟ್ಟಿಕೊಳ್ಳುವುದು. ರೋಗಿಗೆ ಸಾಮಾನ್ಯವಾಗಿ ಎಚ್ಚರವಿರುವುದು. ಸ್ತಂಭನದಲ್ಲಿ ಬಡಿತವೇ ನಿಂತು ಮನುಷ್ಯನು ಕುಸಿಯುವನು. ಕೆಲವೇ ನಿಮಿಷಗಳಲ್ಲಿ ಮೆದುಳು ಕೆಡತೊಡಗುವುದು. ವೈದ್ಯರು ಬರುವವರೆಗೆ ಕಾಯಲು ಆಗ ಅವಕಾಶವಿಲ್ಲ.

ಹಿಂದೆ ಎದೆಯನ್ನು ಸೀಳಿ ಹೃದಯವನ್ನು ಕೈಯಿಂದ ಅದುಮುವುದೇ ಮುಖ್ಯ ಉಪಾಯವಾಗಿದ್ದಿತು. 1960ರಲ್ಲಿ ಅಮೆರಿಕದ ಬಾಲ್ಟಿಮೋರಿನ ಕೌವನ್‌ಹೋವನ್, ಜೂಡ್, ನಿಕರ್‌ಬಾಕರ್ ಎಂಬ ಮೂವರು, ಎದೆಯನ್ನು ಹೊರಗಿನಿಂದ ಒತ್ತಿಯೇ ರಕ್ತವನ್ನು ಹರಿಯಿಸಬಹುದೆಂದು ಪ್ರಕಟಿಸಿದರು. ಇವರಲ್ಲಿ ಮೊದಲನೆಯವರು ವಿದ್ಯುತ್ ಎಂಜಿನಿಯರರು. ಹೀಗೆ ಆ ಚಿಕಿತ್ಸೆಯು ಸಾಮಾನ್ಯರ ಕೈಗೂ ಎಟುಕಿತು.

ಕುಸಿದವನು ಕರೆದರೂ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ, ಒಬ್ಬರು 112ಕ್ಕೆ ಕರೆಮಾಡಬೇಕು. ಇನ್ನೊಬ್ಬರು ಎದೆಯ ನಡುವೆ ಅಂಗೈಯ ಮೇಲೆ ಅಂಗೈಯಿಟ್ಟು, ನಿಮಿಷಕ್ಕೆ 100ರಿಂದ 120 ಬಾರಿ, 5 ಸೆಂಟಿಮೀಟರಿಗೆ ಕಡಿಮೆಯಿಲ್ಲದಂತೆ ಒತ್ತಬೇಕು. ಇದನ್ನು ಮೊದಲೇ ಅಭ್ಯಸಿಸಿದವರು ಆ ಹೊತ್ತಿನಲ್ಲಿ ಕೈಕಟ್ಟಿ ನಿಲ್ಲಲಾರರು.